ಅತ್ತೆಯ ಮಾತು, ನನ್ನ ಬಾಯಿ

"ನಾನಿರಾದೇ ಇಂಗೆ ಕಣ್ರಕ್ಕ, ಒಳ್ಗೊಂದು ಒರ್ಗೊಂದು ಇಲ್ಲ" — ಮದ್ದೂರಿನ ನನ್ನ ಸೀರೆ ಅಂಗಡಿಯಿಂದ ಮೂರು ವರ್ಷ, ಪ್ರತಿದಿನ ಲೈವ್‌ನಲ್ಲಿ ನಾನು ನಿಮಗೆ ಹೇಳಿದ ಈ ಮಾತು ಹಸಿ ಸುಳ್ಳು. ನೀವು ಮೆಚ್ಚಿದ ಆ ಒರಟು ಬಾಯಿ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುವ ಆ ಗತ್ತು, ಆ ಬೈಗುಳ — ಒಂದೂ ನನ್ನದಲ್ಲ. ಎಲ್ಲವೂ ನನ್ನ ಸೋದರತ್ತೆ ಪುಟ್ಟತಾಯಮ್ಮನದು. ಕೇಳಿ ಪಡೆದೆ ಎಂದು ಬರೆಯಲು ಕೈ ಬರುತ್ತಿಲ್ಲ. ಕದ್ದೆ.

ನಾನು ಕೆರಗೋಡಿನವಳು. ನನ್ನನ್ನು ಎತ್ತಿ ಆಡಿಸಿದವಳೇ ಅತ್ತೆ. ಮೈಸೂರಿನ ಕಾಲೇಜಿಗೆ ಸೇರಿದ ಮೊದಲ ವಾರ ನಾನು "ಅಳ್ಳಿ" ಅಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಅವತ್ತಿನಿಂದ ಕನ್ನಡಿ ಮುಂದೆ ನಿಂತು ಒಂದೊಂದೇ ಹಕಾರ ರೂಢಿ ಮಾಡಿಕೊಂಡೆ. ಮುಂದೆ ಅಂಗಡಿ ಇಟ್ಟು, ತಿದ್ದಿದ ಆ ಮಾತಿನಲ್ಲೇ ಫೋನಿನೆದುರು ಸೀರೆ ಬಿಡಿಸಿ ತೋರಿಸಿದರೆ ನೋಡುವವರು ಹತ್ತು ಜನ, ಅದರಲ್ಲಿ ನಾಲ್ವರು ನೆಂಟರು! ಒಂದು ದಿನ ಲೈವ್‌ನಲ್ಲೇ ರೇಗಿ ಥೇಟ್ ಅತ್ತೆಯ ಹಾಗೆ ಬೈದೆ. ನಿಜವಾದ ಮಂಡ್ಯದ ಹೆಣ್ಣು ಅಂದಿರಿ. ನಾನೂ ಹೌದೆಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸಲಿಲ್ಲ.

ಅತ್ತೆಯನ್ನು ಕೊಟ್ಟಿದ್ದು ಪೂರಿಗಾಲಿಗೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಮನೆಗೆ ಬಂದ ದಿನ ಅತ್ತೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳಂತೆ. ಎದ್ದು, ಕೈಯಲ್ಲಿದ್ದ ದೊಣ್ಣೆಯನ್ನು ಅವನ ಕಾಲ ಬುಡಕ್ಕೆ ಎಸೆದು ಅಂದಳಂತೆ: "ಅದ್ನೆಂಟ್ ವರ್ಸ ನಿಂಗೆ ಇಟ್ಟು ತೊಳ್ಸಾಕಿವ್ನಿ. ತಕೋ ದೊಣ್ಣೆಯ, ಇನ್ಮ್ಯಾಕೆ ನೀನೇ ತೊಳ್ಸ್ಕಂಡು ಉಣ್ಣು!" ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದಳು. ಇದನ್ನು ಅವಳು ಒಂದೇ ಸಲ, ನನಗೊಬ್ಬಳಿಗೇ, ಅಳುತ್ತಾ ಹೇಳಿದ್ದಳು. ನಾನು ದೊಣ್ಣೆ ಹಿಡಿದು, ಕಣ್ಣು ತಿರುಗಿಸಿ, ಅದನ್ನೇ ನಿಮ್ಮೆದುರು ಆಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕಿರಿ. ನನಗೆ ದೊಣ್ಣೆ ಅಕ್ಕ ಎಂದು ಹೆಸರಿಟ್ಟಿರಿ. ಸಂದರ್ಶನ ಮಾಡಿದವರೊಬ್ಬರು ಆ ಮಾತು ಎಲ್ಲಿಂದ ಬಂತು ಎಂದರೆ, "ನನ್ ಬಾಯ್ಗೆ ತಾನೇ ಬಂತು ಕಣಣ್ಣ" ಅಂದುಬಿಟ್ಟೆ.

ಹೋದ ವರ್ಷ ನನ್ನ ಅಂಗಡಿಗೆಂದು ಹೊರಟ ಅತ್ತೆ ಮದ್ದೂರು ಬಸ್ ನಿಲ್ದಾಣದಲ್ಲಿ ತನ್ನನ್ನು ತಳ್ಳಿದವನೊಬ್ಬನಿಗೆ ಚೆನ್ನಾಗಿ ಬೈದಳಂತೆ. "ಲೇ, ದೊಣ್ಣೆ ಅಕ್ಕನ್ ತರಾನೇ ಆಡ್ತಾಳೆ ಕಣ್ಲಾ!" ಎಂದು ಅವನ ಜೊತೆಯವನು ಫೋನು ತೆಗೆದು ನನ್ನ ದೊಣ್ಣೆಯ ವಿಡಿಯೋ ಹಾಕಿ ಅವಳ ಮುಖದ ಮುಂದೆಯೇ ಹಿಡಿದ. ಸುತ್ತ ನಿಂತವರೆಲ್ಲ ನಕ್ಕರು. ಅತ್ತೆ ತನ್ನ ಮಾತನ್ನು ನನ್ನ ಬಾಯಲ್ಲಿ ಕೇಳಿದಳು.

ಅಂಗಡಿಗೆ ಬಂದು ಬಾಗಿಲಲ್ಲೇ ನಿಂತಳು. "ಅಳಿಸಿಹಾಕ್ತೀನಿ ಅತ್ತೆ" ಅಂದೆ.

"ಅಳಿಸ್ಬುಟ್ರೆ ನಕ್ಕಿದ್ದು ಓಯ್ತದಾ? ಅದ ಆಡ್ದೋಳು ನಾನು ಅಂತ ಏಳು. ನಗ್ಸಾಕೆ ಆಡ್ಲಿಲ್ಲ ಅಂತ್ಲೂ ಏಳು."

ಇಷ್ಟು ಹೇಳಿ ಹೋದಳು. ಮೂರು ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದವಳು ಈಗ ದಿನಸಿ ಅಂಗಡಿಯಲ್ಲೂ ಬೆರಳು ತೋರಿಸಿ ಸಾಮಾನು ಕೇಳುತ್ತಾಳಂತೆ. ಇದು ನಾನು ಮಾಡಿದ್ದು. ಅವಳು ಹೇಳು ಅಂದದ್ದನ್ನು ಹೇಳಲು ನನಗೆ ಒಂದು ವರ್ಷ ಹಿಡಿಯಿತು — ವ್ಯಾಪಾರ ಚೆನ್ನಾಗಿತ್ತು, ಅದಕ್ಕೇ.

"ದೊಣ್ಣೆ ಬುಟ್ಬುಟ್ರೆ ನಿನ್ನ ಯಾರ್ ನೋಡಾರು ಕಣೇ?" ಅನ್ನುತ್ತಾನೆ ನನ್ನ ಗಂಡ. ನೋಡದಿದ್ದರೆ ಬಿಡಲಿ! ನಿಮ್ಮ ಲೈಕು ನಿಮ್ಮ ಹತ್ತಿರವೇ ಇರಲಿ. ತಿದ್ದಿಕೊಂಡ ಈ ಮಾತೂ ನನ್ನದೇ, ಸಿಟ್ಟು ಬಂದಾಗ ಇದರಿಂದ ಹಕಾರ ಉದುರಿದರೆ ಅದೂ ನನ್ನದೇ. ನಾನು ಇಷ್ಟೇ. ಸೀರೆ ಬೇಕಾದವರು ಬನ್ನಿ, ತಮಾಷೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ.

ನಾಳೆ ಲೈವ್‌ನಲ್ಲಿ ಸೀರೆ ಮುಟ್ಟುವ ಮೊದಲು ಆ ಮಾತು ಯಾರದು, ಎಂಥ ದಿನ ಆಡಿದ್ದು ಎಂದು ಹೇಳುತ್ತೇನೆ. ಆಮೇಲೂ ನಗು ಬಂದರೆ ನಕ್ಕು ನೋಡಿ. ಅತ್ತೆ ಕೇಳುತ್ತಾಳೋ ಇಲ್ಲವೋ ಗೊತ್ತಿಲ್ಲ. ತನ್ನ ಫೋನಿನಿಂದ ನನ್ನ ನಂಬರನ್ನೇ ತೆಗೆಸಿದ್ದಾಳೆ.