ದುಬೈ ರೇಡಿಯೋದ ಎಡಬದಿ

ನಮ್ಮ ಮನೆಯ ಹಳೆಯ ಸ್ಟೀರಿಯೋ ರಿಸೀವರಿಗೆ ಅಪ್ಪ ಗ್ರೀಸ್ ಹಚ್ಚಿದ್ದು ನಿಜ. ಆಮೇಲೆ ಏನಾಯಿತು ಎಂಬುದರ ಬಗ್ಗೆ ನನಗೆ ಖಾತ್ರಿಯಿಲ್ಲ. ಗ್ರೀಸಿನಿಂದಲೇ ಅದು ಕೆಟ್ಟಿತೆಂದು ಧಾರವಾಡದ ಹಾಸ್ಟೆಲಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಹೇಳಿ ಹೇಳಿ, ಕಂಡದ್ದು ಯಾವುದು, ಕಟ್ಟಿದ್ದು ಯಾವುದು ಎಂದು ಈಗ ಬೇರ್ಪಡಿಸಲಾರೆ.

ಅಪ್ಪ ಆಗ ತೆಂಗಿನಗುಂಡಿಯಲ್ಲಿ ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದರು. ಭಟ್ಕಳದ ಒಂದು ಮನೆಗೆ ವರ್ಷಗಟ್ಟಲೆ ಮೀನು ಕೊಡುತ್ತಿದ್ದರು. ಆ ಮನೆಯವರು ದುಬೈಯಿಂದ ಹೊಸ ಸೆಟ್ ತಂದಾಗ ಹಳೆಯದನ್ನು ಎರಡು ಸ್ಪೀಕರ್ ಸಮೇತ ಅಪ್ಪನಿಗೆ ಕೊಟ್ಟರು. ನಾವು ಅದನ್ನು ದುಬೈ ರೇಡಿಯೋ ಎಂದೇ ಕರೆದೆವು. ಮಳೆಗಾಲಕ್ಕೆ ಬೋಟು ದಡ ಹತ್ತಿದ ಮೇಲೆ ಬ್ಯಾಟರಿಯ ತುದಿಗಳಿಗೆ ಗ್ರೀಸ್ ಹಚ್ಚುವುದು ಅಪ್ಪನ ಪದ್ಧತಿ. ಉಪ್ಪುಗಾಳಿಗೆ ಅದೇ ಮದ್ದು. ಒಂದು ವರ್ಷ ಮಿಕ್ಕ ಗ್ರೀಸನ್ನು ರೇಡಿಯೋದ ಹಿಂಬದಿಗೂ ಹಚ್ಚಿದರು.

ನಾನು ಭೌತಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದವನು ಅಕ್ಕನ ಎದುರಿಗೇ ಅಂದೆ, "ಅಪ್ಪಾ, ಇದು ನಿನ್ನ ಬೋಟಿನ ಇಂಜಿನ್ ಅಲ್ಲ." ಈ ಮಾತು ಮಾತ್ರ ಚೆನ್ನಾಗಿ ನೆನಪಿದೆ. ಗ್ರೀಸನ್ನು ಬಟ್ಟೆಯಿಂದ ಒರೆಸಿದೆನೋ, ಒರೆಸುತ್ತೇನೆಂದು ಬರೀ ಹೇಳಿದೆನೋ ನೆನಪಿಲ್ಲ. ಮುಂದಿನ ರಜೆಗೆ ಬರುವಷ್ಟರಲ್ಲಿ ಎಡಗಡೆಯ ಸ್ಪೀಕರಿನಲ್ಲಿ ಸದ್ದೇ ಇರಲಿಲ್ಲ. ಅಂದಿನಿಂದ ಅಪ್ಪ ಮನೆಯಲ್ಲಿ ಕರೆಂಟಿನ ಯಾವ ಸಾಮಾನನ್ನೂ ಮುಟ್ಟಲಿಲ್ಲ. ಈಗ ಕುಮಟೆಯಲ್ಲಿ ನನ್ನ ಜೊತೆ ಇದ್ದಾರೆ. ಫ್ಯಾನ್ ಹಾಕುವುದಕ್ಕೂ ನನ್ನನ್ನೇ ಕರೆಯುತ್ತಾರೆ. ಇಡೀ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಕೈ ಅದು.

ಈ ವರ್ಷ ನಾನು ನಾಲ್ಕನೆಯ ಕೆಲಸವನ್ನೂ ಬಿಟ್ಟು ಕೂತಿದ್ದಾಗ, ಮಂಕಿಯಲ್ಲಿರುವ ಅಕ್ಕ ತನ್ನ ಮನೆಯ ಅಟ್ಟ ಖಾಲಿ ಮಾಡಿ, ಅಲ್ಲಿ ವರ್ಷಗಳಿಂದ ಬಿದ್ದಿದ್ದ ರೇಡಿಯೋ ಕಳಿಸಿದಳು. ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿದೆ. ಸುಮ್ಮನಿದ್ದ ಸ್ಪೀಕರ್ ಹಾಡಿತು, ಹಾಡುತ್ತಿದ್ದದ್ದು ಸುಮ್ಮನಾಯಿತು. ಎಂದರೆ ಸ್ಪೀಕರುಗಳು ಸರಿಯಾಗಿವೆ, ದೋಷ ಪೆಟ್ಟಿಗೆಯದು. ಹೆಡ್‌ಫೋನ್ ಹಾಕಿದರೂ ಎಡಗಿವಿಗೆ ಏನೂ ಕೇಳಲಿಲ್ಲ. ಮುಚ್ಚಳ ತೆಗೆದು ಸುಟ್ಟ ಭಾಗಕ್ಕಾಗಿ ಹುಡುಕಿದೆ. ಸುಟ್ಟದ್ದು ಯಾವುದೂ ಕಾಣಲಿಲ್ಲ. ಕೊನೆಗೆ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊನ್ನಾವರದ ಒಬ್ಬ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ.

ಅವರು ಮುಚ್ಚಳದ ಸುದ್ದಿಗೇ ಹೋಗಲಿಲ್ಲ. ಪೆಟ್ಟಿಗೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಬಾಗಿಸಿದ ಮೊಳೆಯ ಹಾಗಿನ ಎರಡು ಕೊಂಡಿಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಸದ್ದು ಪೆಟ್ಟಿಗೆಯ ಒಂದು ಭಾಗದಿಂದ ಇನ್ನೊಂದಕ್ಕೆ ಹಾಯುವುದು ಅವುಗಳ ಮೂಲಕವಂತೆ. ಬಲಗಡೆಯದರ ಮೇಲೆ ಗ್ರೀಸ್ ಗಟ್ಟಿಯಾಗಿತ್ತು. ಎಡಗಡೆಯದು ಹಸಿರು ಕಿಲುಬು ಹಿಡಿದಿತ್ತು.

ಗ್ರೀಸ್ ಯಾರು ಹಚ್ಚಿದ್ದೆಂದು ಕೇಳಿದರು. ಹಚ್ಚಿದ್ದು ಅಪ್ಪ, ಅವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ರಿಪೇರಿಯವರು ಬಲಗಡೆಯ ಕೊಂಡಿ ಕಿತ್ತು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಹೊಸದರಂತೆ ಹೊಳೆಯುತ್ತಿತ್ತು.

"ತಿಳೀದೇ ಇದ್ದವ್ರು ಹಚ್ಚಿದ ಬದಿ ಉಳದದೆ ನೋಡಿ," ಎಂದರು. "ಈ ಬದೀದು ಒರಸಿದ್ದು ಯಾರು ಅಷ್ಟು ತಿಳದವ್ರು?"

ಅವರು ಎಡಗಡೆಯ ಕೊಂಡಿಯ ಕಿಲುಬು ಉಜ್ಜಿ ಎರಡನ್ನೂ ಮತ್ತೆ ಸಿಕ್ಕಿಸಿದರು. ಎರಡೂ ಕಡೆ ಸದ್ದು ಬಂತು. ಇಷ್ಟೇ ರಿಪೇರಿ.

ಬಸ್ಸಿನಲ್ಲಿ ವಾಪಸು ಬರುವಾಗ ಒಂದು ದಾರಿ ಹೊಳೆಯಿತು. ಯಾರೂ ಒರೆಸಿರಲಿಕ್ಕಿಲ್ಲ, ಗ್ರೀಸೇ ಅರ್ಧಕ್ಕೆ ಮುಗಿದಿರಬಹುದು. ಹಾಗಾಗಿದ್ದರೆ ನನ್ನದೇನೂ ತಪ್ಪಿಲ್ಲ. ಮನೆಗೆ ಬಂದವನೇ ರೇಡಿಯೋ ಜೋಡಿಸಿ ಹಾಡು ಹಾಕಿ ಅಪ್ಪನನ್ನು ಕೇಳಿದೆ. ಅವರು ಎರಡೂ ಸ್ಪೀಕರುಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದರು.

"ಎರಡೂ ಬದಿಗೂ ಹಚ್ಚಿದ್ದೆ ಮಾರಾಯಾ. ಅರ್ಧ ಹಚ್ಚಿ ಬಿಡೂದು ಎಂತ ಕೆಲಸ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀ ಕಲ್ತವ ಹೇಳ್ದೆ. ಇರ್ಬಹ್ದು, ನಾನೇ ಹಾಳು ಮಾಡ್ದೆ ಅಂದ್ಕಂಡೆ." ಸ್ವಲ್ಪ ಹೊತ್ತು ಹಾಡು ಕೇಳಿ ಮತ್ತೆ ಅಂದರು, "ನಾ ಹೇಳಿದ್ದು ನಂಬೂದು ಬೇಡ. ನೋಡಿ ಹೇಳು."

ಅಪ್ಪನ ನೆನಪನ್ನೂ ನಾನು ಸಾಕ್ಷಿಯೆಂದು ಒಪ್ಪುವವನಲ್ಲ. ಮರುದಿನ ಬೆಳಿಗ್ಗೆ ರೇಡಿಯೋವನ್ನು ಕಿಟಕಿಯ ಬಳಿ ಇಟ್ಟು, ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದೆ. ಅಂದು ಆ ಹಳೆಯ ಮನೆಯಲ್ಲಿ ಗ್ರೀಸ್ ಒರೆಸುವ ಕಾರಣ ಇದ್ದದ್ದು ನನಗೊಬ್ಬನಿಗೇ. ಒಂದು ಬದಿ ಒರೆಸುವಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಿರಬೇಕು, ಅಥವಾ ನನಗೇ ಬೇಸರ ಬಂದಿರಬೇಕು. ಅದು ಊಹೆ. ಊಹೆಯಲ್ಲದ್ದು ಇಷ್ಟು: ಎಡಗಡೆಯ ಕೊಂಡಿ ಕೂರುವ ತೂತಿನ ಸುತ್ತ ಒಂದು ಲೋಹದ ಉಂಗುರವಿದೆ. ಅದರ ಹಿಂದಿನ ಸಂದಿನಲ್ಲಿ, ಬಟ್ಟೆ ತಲುಪದ ಕಡೆ, ಒಣಗಿದ ಹಳದಿ ಗ್ರೀಸ್ ಇತ್ತು.