ಪಾಸ್ಟರಮ್ಮನಾಗಲು ಇಪ್ಪತ್ತು ಅಂಕ

ಹೊನ್ನಾಳಿಯಲ್ಲಿ ಪಾಸ್ಟರುಗಳನ್ನು ತಯಾರು ಮಾಡುವ ಒಂದು ಕೇಂದ್ರವಿದೆ. ಗಂಡಂದಿರು ಅಲ್ಲಿ ಎರಡು ವರ್ಷ ಬೈಬಲ್ ಓದುತ್ತಾರೆ. ಮುಂದೆ ಪಾಸ್ಟರಮ್ಮಂದಿರಾಗುವ ಅವರ ಹೆಂಡತಿಯರಿಗೆ ಹತ್ತು ತಿಂಗಳ ಬೇರೆ ತರಗತಿ. ಹೆಂಡತಿ ಪಾಸಾಗದಿದ್ದರೆ ಗಂಡನಿಗೆ ಸಭೆ ಕೊಡುವುದಿಲ್ಲ. ಸಭೆ ಎಂದರೆ ಪ್ರಾರ್ಥನೆಗೆ ಬರುವ ಜನ, ಅವರಿಗೊಂದು ಮಂದಿರ, ಪಕ್ಕದಲ್ಲಿ ಪಾಸ್ಟರಿಗೊಂದು ಮನೆ. ಬಿಳಿಚೋಡಿನ ಹುಲಿಗೆಮ್ಮ ತರಗತಿ ಸೇರಿದ್ದು ಇದಕ್ಕಾಗಿ. ಅವಳ ಗಂಡ ವಿನಯ್ ಕುಮಾರನಿಗೆ ಚನ್ನಗಿರಿಯ ಸಭೆ ಹೆಚ್ಚುಕಡಿಮೆ ನಿಗದಿಯಾಗಿತ್ತು.

ಪಾಠಗಳ ಪಟ್ಟಿಯನ್ನು ಹುಲಿಗೆಮ್ಮ ನನಗೆ ತೋರಿಸಿದ್ದಾಳೆ. ಹಾರ್ಮೋನಿಯಂಗೆ ನಲವತ್ತು ಗಂಟೆ, ಕೇಕಿಗೆ ಹನ್ನೆರಡು, ಅತಿಥಿಗಳ ಮುಂದೆ ನಗುವುದಕ್ಕೆ ಎರಡು. ಕುಡಿದು ಬಂದ ಗಂಡನಿಂದ ಹೊಡೆತ ತಿಂದವಳು ಬಾಗಿಲು ಬಡಿದರೆ ಏನು ಮಾಡಬೇಕೆಂಬುದಕ್ಕೆ ಒಂದು ನಿಮಿಷವೂ ಇಲ್ಲ. ಹುಲಿಗೆಮ್ಮನ ಕೇರಿಯಲ್ಲಿ ಓವನ್ ಇರುವ ಮನೆ ಒಂದೂ ಇಲ್ಲ. ಹೊಡೆತ ತಿಂದವರ ಮನೆ ಎಣಿಸಲು ಎರಡೂ ಕೈ ಬೇಕು.

ತರಗತಿ ನಡೆಸುವವರು ಅರ್ಪಿತಾ ಮೇಡಂ. ಕೆಟ್ಟ ಹೆಂಗಸಲ್ಲ; ನಿಯಮಕ್ಕಿಂತ ಹೆಚ್ಚಿನದು ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮನೆ ಭೇಟಿಗೆ ಹೋದ ಪಾಸ್ಟರಮ್ಮ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಬೇಕು. ಏಳು ನಿಮಿಷ ಪ್ರಾರ್ಥಿಸಬೇಕು. ಅಡುಗೆಮನೆಗೆ ಕಾಲಿಡಕೂಡದು, ಇಟ್ಟರೆ ಗೌರವ ಹೋಗುತ್ತದೆ. ಕೊನೆಯ ಪರೀಕ್ಷೆಯೂ ಇದೇ ಮನೆ ಭೇಟಿ, ಇಪ್ಪತ್ತು ಅಂಕಕ್ಕೆ. ಅದು ನಡೆಯುವುದು ನ್ಯಾಮತಿಯ ಉಚ್ಚಂಗಮ್ಮ ಎಂಬ ಒಂಟಿ ಮುದುಕಿಯ ಮನೆಯಲ್ಲಿ. ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ, ಮುದುಕಿ ಬೇಡವೆನ್ನುವುದಿಲ್ಲ.

ಆ ದಿನ ಅರ್ಪಿತಾ ಮೂಲೆಯಲ್ಲಿ ಗಡಿಯಾರ ಹಿಡಿದು ಕೂತಿದ್ದರು. ಹುಲಿಗೆಮ್ಮ ನಿಯಮದಂತೆ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಅನ್ನ ಉಕ್ಕಿತೆಂದು ಉಚ್ಚಂಗಮ್ಮ ಕುಂಟುತ್ತ ಒಳಗೆ ಹೋದಳು. ಕುಂಟುವುದನ್ನು ಕಂಡ ಹುಲಿಗೆಮ್ಮ ಎದ್ದು ಹಿಂದೆಯೇ ಹೋದಳು.

"ಕಾಲಿಗೇನಾಗೈತಜ್ಜಿ?"

"ಹೆಬ್ಬೆಟ್ಟಿಗೆ ಹುಣ್ಣು ಕಣವ್ವ. ಹದಿನೈದು ದಿನ ಆತು, ಮಾಯವಲ್ದು."

"ಸಕ್ಕರೆ ಕಾಯಿಲೆ ಐತೇನು?"

"ಇತ್ತು. ಈಗಿಲ್ಲ. ಮಾತ್ರೆ ಬಿಟ್ಟೀನಿ."

"ಇಲ್ಲ ಅಂತ ಯಾರು ಹೇಳಿದ್ರು?"

"ಹೋದ ಸಲ ಪರೀಕ್ಷೆಗೆ ಬಂದಾಕಿ ನನ್ನ ಸಕ್ಕರೆ ಕಾಯಿಲೆ ತೊಲಗ್ಲಿ ಅಂತ ಪ್ರಾರ್ಥನೆ ಮಾಡಿದ್ಲವ್ವ. ಮೇಡಮ್ಮೋರು ಇಪ್ಪತ್ತಕ್ಕೆ ಇಪ್ಪತ್ತು ಕೊಟ್ರು. ಪೂರಾ ಕೊಟ್ರು ಅಂದ್ಮೇಲೆ ಪೂರಾ ವಾಸಿ ಆತಲ್ಲ?"

"ಅಯ್ಯೋ ನಿನ್ನ! ಅಂಕ ಕೊಟ್ಟಿದ್ದು ಆಕಿಗೆ ಕಣಜ್ಜಿ, ನಿನ್ನ ಕಾಯಿಲೆಗಲ್ಲ!"

ಅರ್ಪಿತಾ ಬಾಗಿಲಿಗೆ ಬಂದರು. "ಒಂಬತ್ತು ನಿಮಿಷ ಆತು, ಹುಲಿಗೆಮ್ಮ. ಪ್ರಾರ್ಥನೆ ಎಲ್ಲಿ?"

"ಅದನ್ನ ದಾರೀಲಿ ಮಾಡ್ತೀನಿ ಮೇಡಂ. ಒಂದು ಆಟೋ ಕರೀರಿ."

ಮೇಡಂ ಆಟೋ ಕರೆಯಲಿಲ್ಲ, ಹಾಳೆಯ ಮೇಲೆ ಏನೋ ಬರೆದುಕೊಂಡರು. ಹುಲಿಗೆಮ್ಮನೇ ಮುದುಕಿಯನ್ನು ಆಸ್ಪತ್ರೆಗೆ ಕರೆತಂದಳು. ಅಲ್ಲಿ ರಕ್ತ ಪರೀಕ್ಷೆ ಮಾಡುವವನು ನಾನು; ಈ ಕಥೆಯೆಲ್ಲ ನನಗೆ ಗೊತ್ತಾದದ್ದು ಹಾಗೆ. ಸಕ್ಕರೆ ನಾನೂರ ಹನ್ನೆರಡು ಇತ್ತು. ನಂಬಲಾಗದೆ ಇನ್ನೊಮ್ಮೆ ನೋಡಿದೆ: ನಾನೂರ ಎಂಟು. ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

ಹುಲಿಗೆಮ್ಮನಿಗೆ ಸಿಕ್ಕಿದ್ದು ಮೂರು ಅಂಕ. ಕುರ್ಚಿಯಲ್ಲಿ ಕೂತಿದ್ದಕ್ಕೆ ಎರಡು, ಸೀರೆಗೆ ಒಂದು. ಪಾಸಾಗಲು ಹತ್ತು ಬೇಕು.

ಅರ್ಪಿತಾ ಒಂದು ದಾರಿ ತೋರಿಸಿದರು. ಅಡುಗೆಮನೆಗೆ ಹೋದದ್ದು ತಪ್ಪೆಂದು ಬರೆದು ಸಹಿ ಹಾಕಬೇಕು, ಮಾತ್ರೆಯ ವಿಷಯ ಎತ್ತಬಾರದು; ಹತ್ತು ಅಂಕ ಕೊಡುತ್ತಾರೆ. ಹೋದ ಸಲ ಇಪ್ಪತ್ತು ಪಡೆದವಳು ಈಗ ಜಗಳೂರಿನಲ್ಲಿ ಪಾಸ್ಟರಮ್ಮ. ಅವಳ ಹೆಸರು ಕೆಡಬಾರದಲ್ಲ! ಮುದುಕಿಯ ಕಾಲು ಕೆಟ್ಟರೆ ಕೇಂದ್ರಕ್ಕೆ ನಷ್ಟವೇನೂ ಇರಲಿಲ್ಲ.

"ಬರ್ದುಕೊಡೇ ಮಾರಾಯ್ತಿ," ವಿನಯ್ ಕುಮಾರ ಗೋಗರೆದ. "ಎರಡು ವರ್ಷ ಓದೀನಿ."

"ಬರೀತೀನ್ರಿ. ನಡೆದಿದ್ದನ್ನೆಲ್ಲ ಬರೀತೀನಿ."

ಎರಡು ಪುಟ ಬರೆದಳು. ಮುದುಕಿ ಮಾತ್ರೆ ಬಿಟ್ಟದ್ದು ಯಾಕೆ, ಇನ್ನು ಮುಂದೆ ಭೇಟಿಗೆ ಹೋದವರು ಏನೇನು ಕೇಳಬೇಕು, ಎಲ್ಲವೂ ಅದರಲ್ಲಿತ್ತು. ಕೇಂದ್ರದವರು ಅದನ್ನು ಮಡಚಿ ವಾಪಸ್ ಕೊಟ್ಟರು. ಚನ್ನಗಿರಿಯ ಸಭೆ ಇನ್ನೊಬ್ಬನಿಗೆ ಹೋಯಿತು. ಅವನ ಹೆಂಡತಿಯ ಕೇಕ್ ಬಹಳ ಚೆನ್ನಾಗಿ ಉಬ್ಬಿತ್ತಂತೆ.

ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಬಿಳಿಚೋಡಿಗೆ ಹೊರಟರು. ಬಸ್ಸು ದಾವಣಗೆರೆ ದಾಟಿದಾಗ ವಿನಯ್ ಕುಮಾರ ಕಿಟಕಿಯಿಂದ ಈಚೆ ತಿರುಗಿದ. ಹೆಂಡತಿಯನ್ನು ಕೇಳಿದ:

"ಆ ಅಜ್ಜಿಗೆ ಮಾತ್ರೆ ತಗೋ ಅಂತ ಇನ್ನು ಯಾರು ಹೇಳ್ತಾರೆ?"

"ನೀವೇ ದಿನಾ ಫೋನ್ ಮಾಡ್ರಿ. ಪಾಸ್ಟರ್ ಹೇಳಿದ್ರೆ ಕೇಳ್ತಾಳೆ."

"ನಾನೆಲ್ಲಿ ಪಾಸ್ಟರ್ ಆದ್ನೇ?"

"ಅದನ್ನ ಅಜ್ಜಿಗೆ ಹೇಳಾಕೆ ಹೋಗಬ್ಯಾಡ್ರಿ."

ಈಗ ದಿನವೂ ಬೆಳಿಗ್ಗೆ ಎಂಟಕ್ಕೆ ಉಚ್ಚಂಗಮ್ಮನಿಗೆ ಫೋನ್ ಬರುತ್ತದೆ.