ಶಿರೂರಿನ ಗಿರಣಿ ಮಾಳಿಗೆಯ ಛತ್ರಿ

ಪುಣೆಯ ವಾಕಡದ ಮನೆಯಿಂದ ಬೆಳಿಗ್ಗೆ ಹೊರಟಾಗ ಆಕಾಶ ತಿಳಿಯಾಗಿತ್ತು. ಚೀಲದಲ್ಲಿ ಡ್ರಿಲ್ ಮಷೀನು, ತೂತು ಕೊರೆಯುವ ಹೊಸ ಬಿಟ್, ಬೋಲ್ಟು ಬಿಗಿಯುವ ಪಾನಾ, ಒಂದು ಪೊಟ್ಟಣ ಆಂಕರ್ ಬೋಲ್ಟು ಇದ್ದವು. ಕೆಲಸ ಬಿಟ್ಟ ಮೇಲೆ ಆ ಚೀಲವನ್ನು ಹೆಗಲಿಗೆ ಹಾಕಿದ್ದು ಅದೇ ಮೊದಲು. ಹೆಂಡತಿ ಕಸ್ತೂರಿ ಬುತ್ತಿ ಕೊಡುತ್ತ, "ಶಿರೂರಿನವ್ರು ಬೈದ್ರ ಬೈಸ್ಕೊಂಡ ಬರ್ರಿ. ತಿರುಗಿ ಮಾತಾಡಬ್ಯಾಡ್ರಿ," ಎಂದಳು.

ನಾನು ಧಾರವಾಡ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಗೆ ಬಂದೆ. ಕೊನೆಯ ಹಲವು ವರ್ಷ ಮನೆ ಮನೆಯ ಮಾಳಿಗೆ ಹತ್ತಿ ಟಿ.ವಿ.ಯ ಡಿಶ್ ಕೂರಿಸುವ ಕೆಲಸ ಮಾಡಿದೆ. ಜನ ಅದನ್ನು ಛತ್ರಿ ಎನ್ನುತ್ತಿದ್ದರು. ಊರಿನ ಕೇಬಲ್ಲಿನಲ್ಲಿ ಕನ್ನಡ ಬರುವುದಿಲ್ಲವೆಂದು ಛತ್ರಿ ಹಾಕಿಸುವ ನಮ್ಮವರು ಬಹಳ ಮಂದಿ ಇದ್ದರು. ನಾನು ಕನ್ನಡದವನೆಂದು ತಿಳಿದರೆ ಊಟ ಹಾಕದೆ ಕಳಿಸುತ್ತಿರಲಿಲ್ಲ.

ಪುಣೆ ಜಿಲ್ಲೆಯ ಶಿರೂರಿನ ಮಲ್ಲಪ್ಪನವರೂ ಹಾಗೆಯೇ. ಗೋಕಾಕ ಕಡೆಯಿಂದ ಬಂದು ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಕೆಳಗೆ ಗಿರಣಿ, ಮೇಲೆ ಮನೆ. ನೀರಿನ ಟಾಕಿ ಅಡ್ಡ ಬರುತ್ತಿದ್ದುದರಿಂದ ಛತ್ರಿಯನ್ನು ರಸ್ತೆ ಬದಿಯ ಮೂಲೆಯಲ್ಲೇ ಕೂರಿಸಬೇಕಾಯಿತು. ಅದರ ನೇರ ಕೆಳಗೆ ಕಾಳಿನ ಡಬ್ಬಿ ಇಟ್ಟುಕೊಂಡು ಹೆಂಗಸರು, ಮಕ್ಕಳು ಕೂರುವ ಬೆಂಚು. ಮೊದಲ ತೂತಿನಲ್ಲೇ ಡ್ರಿಲ್ಲಿನ ಬಿಟ್ ಮುರಿಯಿತು. ಬೇರೆ ಇರಲಿಲ್ಲ. ಛತ್ರಿಯ ಕಾಲಿನ ಮೇಲೆ ಕಲ್ಲು ಹೇರಿ ಸಿಗ್ನಲ್ ಹಿಡಿದೆ. ಕೆಳಗೆ ಕನ್ನಡ ವಾರ್ತೆ ಕೇಳಿ ಮನೆಯವರೆಲ್ಲ ನಕ್ಕರು. ಕೆಲಸ ಮುಗಿದಿದೆ ಎನ್ನಲು ಗಿರಾಕಿಯ ಫೋನಿಗೆ ಒಂದು ಕೋಡ್ ಬರುತ್ತದೆ, ಅದನ್ನು ಅವರು ನಮಗೆ ಹೇಳಬೇಕು. ಬೋಲ್ಟು ಹಾಕುವ ಮೊದಲೇ ಆ ಕೋಡ್ ಕೇಳಿ ಪಡೆದೆ. "ನಾಳೆ ಬರ್ತೇನ್ರಿ," ಎಂದೆ. ಮರುದಿನ ಕಂಪನಿಯವರು ಜೇಜುರಿ ಕಡೆಗೆ ಕಳಿಸಿದರು. ಆಮೇಲೆ ವರ್ಷಗಳು ಕಳೆದರೂ ಹೋಗಲೇ ಇಲ್ಲ.

ಈಚೆಗೆ ವಾಕಡದಲ್ಲಿ ಬೀಸಿದ ಗಾಳಿಗೆ ನಮ್ಮ ಎದುರು ಕಟ್ಟಡದಿಂದ ಒಂದು ಛತ್ರಿ ಹಾರಿ ಬಿದ್ದಿತು. ಒಬ್ಬ ಹುಡುಗಿ ಆಗಷ್ಟೇ ಇಳಿದು ಹೋದ ಸ್ಕೂಟಿಯ ಸೀಟು ಸೀಳಿ ಹೋಗಿತ್ತು. ಮೇಲೆ ಹೋಗಿ ನೋಡಿದೆ. ಸಿಮೆಂಟಿನಲ್ಲಿ ಒಂದು ತೂತೂ ಇರಲಿಲ್ಲ, ಇಟ್ಟಿಗೆಗಳಷ್ಟೇ ಇದ್ದವು. ಯಾರೋ ನನ್ನಂಥವನದೇ ಕೆಲಸ. ಜಿಲ್ಲೆಯಲ್ಲೆಲ್ಲ ಇನ್ನೂ ಗಾಳಿ ಮಳೆ ಇದೆ ಎಂದು ವಾರ್ತೆಯಲ್ಲಿ ಹೇಳಿದಾಗ ಶಿರೂರಿನ ಆ ಬೆಂಚು ನೆನಪಾಯಿತು. ಮಲ್ಲಪ್ಪನವರ ನಂಬರು ನನ್ನ ಬಳಿ ಉಳಿದಿರಲಿಲ್ಲ.

ವಾಕಡೇವಾಡಿ ನಿಲ್ದಾಣದಲ್ಲಿ ಶಿರೂರಿನ ಮೇಲೆ ಹಾದು ಹೋಗುವ ಎಸ್.ಟಿ. ಬಸ್ಸು ಸಿಕ್ಕಿತು. ಶಿರೂರು ಅಲ್ಲಿಂದ ಎಪ್ಪತ್ತು ಕಿಲೋಮೀಟರಿನ ಒಳಗೆ. ವಯಸ್ಸಾದವರಿಗೆ ಅರ್ಧ ಟಿಕೆಟ್ಟು. ಚೀಲವನ್ನು ಕಾಲಿನಿಂದ ಸರಿಸಿ ನೋಡಿದ ಕಂಡಕ್ಟರು, "ಅಜ್ಜಾರ, ಅರ್ಧ ಟಿಕೀಟು ನಿಮಗ, ಈ ಕಬ್ಬಿಣದ ಸಾಮಾನಿಗಲ್ಲ," ಎಂದು ಮರಾಠಿಯಲ್ಲಿ ನಗಾಡಿದ. ನನಗೆ ನಗು ಬರಲಿಲ್ಲ.

ವಾಘೋಲಿಯಲ್ಲಿ ಬಸ್ಸು ಗಾಡಿಗಳ ನಡುವೆ ಸಿಕ್ಕಿಬಿದ್ದಿತು. ಸೆಕೆ ಸಹಿಸಲಾಗುತ್ತಿರಲಿಲ್ಲ. ಕಿಟಕಿಯಿಂದ ಕಾಣುವ ಮಾಳಿಗೆಗಳ ಮೇಲೆಲ್ಲ ಛತ್ರಿಗಳು. ಪ್ರತಿಯೊಂದರ ಬುಡ ಹುಡುಕುತ್ತ ಕುಳಿತೆ. ಶಿಕ್ರಾಪುರ ದಾಟುವಾಗ ಪೂರ್ವದಲ್ಲಿ ಮೋಡ ಕಂಡಿತು. ರಾಂಜಣಗಾವದಲ್ಲಿ ಗಣಪತಿಯ ದರ್ಶನಕ್ಕೆ ಇಳಿಯುವವರು ತಡ ಮಾಡಿದರು. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಗಿರಣಿ ಮುಚ್ಚಿದ್ದರೆ? ಯಾಕೆ ಮುಚ್ಚಿತೆಂದು ಯಾರನ್ನು ಕೇಳಲಿ?

ಶಿರೂರಿನಲ್ಲಿ ಇಳಿದು ನಡೆದೆ. ತಿರುವಿನಲ್ಲೇ ಗಿರಣಿಯ ಸದ್ದು ಕೇಳಿಸಿತು. ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಮೇಲೆ ಛತ್ರಿ ಇತ್ತು. ಚೀಲವನ್ನು ಇಳಿಸಿ ಗಿರಣಿಯ ಬಾಗಿಲಲ್ಲಿ ನಿಂತೆ.

ಮಲ್ಲಪ್ಪನವರ ಹೆಂಡತಿ ಶಾಂತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಚೀಲ ನೋಡಿ ಗುರುತು ಹಿಡಿದರು.

"ಅಯ್ಯ, ಬಸಣ್ಣಾರೇನ್ರಿ? ನಾಳೆ ಬರ್ತೇನಿ ಅಂದವ್ರು ಭಾಳ ಲಗೂ ಬಂದ್ರಿ ನೋಡ್ರಿ."

"ತಪ್ಪಾತ್ರಿ, ಅಕ್ಕಾರ," ಎಂದೆ. ಅವರು ನೀರು ತಂದುಕೊಟ್ಟರು.

ಮಲ್ಲಪ್ಪನವರು ಗಿರಣಿ ನಿಲ್ಲಿಸಿ ಬಂದರು. ಮೊಣಕಾಲು ಹಿಡಿದುಕೊಂಡು ನನ್ನ ಜೊತೆ ಮಾಳಿಗೆ ಹತ್ತಿದರು. ನಾನು ಹೇರಿದ್ದ ಕಲ್ಲುಗಳ ಮೇಲೆ ಗಿರಣಿಯ ಸವೆದ ಬೀಸುಕಲ್ಲುಗಳಿದ್ದವು. ಛತ್ರಿಯ ಕಂಬದಿಂದ ಟಾಕಿಗೆ ಹಗ್ಗ ಬಿಗಿದಿದ್ದರು. ಪಕ್ಕದಲ್ಲಿ ಒಂದು ಹಳೆಯ ಕುರ್ಚಿ ಇತ್ತು.

"ಇದು ಯಾಕ್ರಿ?" ಎಂದೆ.

"ಗಾಳಿ ಬಂದ್ರ ಕೂತು ಹಿಡ್ಕೋಳಾಕ್ರಿ."

ಹಿಂದೆಯೇ ಹತ್ತಿ ಬಂದ ಶಾಂತವ್ವ ನಕ್ಕರು. "ಎಲಿ ಅಲ್ಲಾಡಿದ್ರ ಇವ್ರು ಮ್ಯಾಲ. ಮಗಳ ಲಗ್ನದಾಗ ಬೀಗರ ಜೋಡಿ ಊಟಕ್ಕ ಕೂತಿದ್ರು. ಗಾಳಿ ಬಿಡ್ತು. ಎಲಿ ಮುಂದಿಂದ ಎದ್ದು ಬಂದ್ರು. ಬೀಗರು ಸಿಟ್ಟಾಗಿ ಇನ್ನೂ ನೆಟ್ಟಗ ಮಾತಾಡೂದಿಲ್ರಿ. ಮಳಿಗಾಲದಾಗ ಗೋಕಾಕಿಗಿ ಹೋಗೂದಂತೂ ಬಿಟ್ಟೇವಿ."

"ಬ್ಯಾರೆ ಯಾರನ್ನರ ಕರದು ಬಿಗಸಬಹುದಿತ್ತಲ್ರಿ?"

"ಬ್ಯಾರೆಯವ್ರು ಕೈ ಹಚ್ಚಿದ್ರ ಚಿತ್ರ ಹೋಗ್ತದ ಅಂತ ನೀವ ಹೇಳಿದ್ರಲ್ರಿ," ಎಂದರು ಮಲ್ಲಪ್ಪ.

ಹೇಳಿದ್ದೆ. ನನ್ನ ಗಿರಾಕಿ ಬೇರೆಯವನ ಕೈಗೆ ಹೋಗದಿರಲಿ ಎಂದು ಎಲ್ಲ ಮನೆಯಲ್ಲೂ ಹಾಗೆ ಹೇಳುತ್ತಿದ್ದೆ.

"ಕಂಪನಿಗೆ ಫೋನ್ ಮಾಡಬೇಕಿತ್ತು."

"ಮಾಡ್ತೇನಿ ಅಂದೆ ನಾನು," ಎಂದರು ಶಾಂತವ್ವ. "ಇವ್ರು ಬಿಡಲಿಲ್ಲ. ನಮ್ಮ ಕಡಿ ಮನಷ್ಯಾ, ಕೆಲಸಾ ಹೋದ್ರ ಏನ್ ಮಾಡ್ತಾನ ಅಂದ್ರು."

ಕಲ್ಲುಗಳನ್ನು ಒಂದೊಂದಾಗಿ ಇಳಿಸಿದೆ. ನನ್ನ ಮುರಿದ ಬಿಟ್ಟಿನ ತುದಿ ತುಕ್ಕು ಹಿಡಿದು ತೂತಿನಲ್ಲೇ ಇತ್ತು. ಅದರ ಪಕ್ಕಕ್ಕೆ ಸರಿದು ಹೊಸ ತೂತುಗಳನ್ನು ಕೊರೆದೆ. ಮೋಡ ಊರಿನ ಮೇಲೆ ಬರುತ್ತಿತ್ತು. ನಾಲ್ಕೂ ಬೋಲ್ಟು ಇಳಿಸಿ ಪಾನಾ ಹಾಕಿ ಬಿಗಿದೆ. ಶಾಂತವ್ವ ಕೆಳಗಿಳಿದು ಟಿ.ವಿ. ಮುಂದೆ ನಿಂತರು. ನಾನು ಛತ್ರಿಯ ಮುಖವನ್ನು ಎಳ್ಳಷ್ಟೇ ತಿರುಗಿಸುತ್ತ, "ಬಂತೇನ್ರೀ?" ಎಂದು ಕೂಗಿದೆ.

"ಬಂತು. ಹೋತು. ಹಾಂ, ಬಂತ್ರಿ. ಇನ್ ಮುಟ್ಟಬ್ಯಾಡ್ರಿ."

ಮಲ್ಲಪ್ಪನವರು ಕಂಬ ಹಿಡಿದು ಬಲವಾಗಿ ಅಲ್ಲಾಡಿಸಿದರು. ಅದು ಮಿಸುಕಲಿಲ್ಲ. ಆಗ ನಾನು ಹೇಳಬೇಕಾದುದನ್ನು ಹೇಳಿದೆ.

"ಮರ್ತಿದ್ದೆ ಅಂತ ತಿಳೀಬ್ಯಾಡ್ರಿ. ಈ ರಸ್ತಾದಾಗ ಎರಡು ಮೂರು ಸಲ ಹಾದು ಹೋಗೇನಿ. ನಿಮ್ಮ ಗಿರಣಿ ಬಂದಾಗ ಆ ಕಡಿ ಮಾರಿ ಮಾಡಿ ಕೂತಿದ್ದೆ."

ಮಲ್ಲಪ್ಪನವರು ಕೆಳಗಿನ ಬೆಂಚಿನ ಕಡೆಗೆ ನೋಡಿದರು. ಆಮೇಲೆ, "ಉಂಡು ಹೋಗ್ರಿ," ಎಂದರು.

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಹೊರಡುವಾಗ ಮಲ್ಲಪ್ಪನವರಿಗೆ, "ಇನ್ನ ಆರಾಮ ಇರ್ರಿ. ಎಂಥಾ ಗಾಳಿ ಬಂದ್ರೂ ನೀವು ಮ್ಯಾಲ ಹೋಗೂದು ಬ್ಯಾಡ," ಎಂದೆ. ಅವರು ತಲೆಯಾಡಿಸಿದರು.

ಪುಣೆಯ ಬಸ್ಸು ಗಿರಣಿಯ ರಸ್ತೆಯಲ್ಲೇ ಹೋಯಿತು. ಅಷ್ಟರಲ್ಲಿ ಗಾಳಿ ಬೀಸತೊಡಗಿತ್ತು. ಧೂಳೆದ್ದು ಅಂಗಡಿಯವರು ತಾಡಪಾಲು ಎಳೆಯುತ್ತಿದ್ದರು. ಈ ಸಲ ನಾನು ಗಿರಣಿಯ ಬದಿಯ ಕಿಟಕಿಯಲ್ಲೇ ಕೂತಿದ್ದೆ. ಬೆಂಚು ಖಾಲಿಯಾಗಿತ್ತು, ಡಬ್ಬಿಗಳನ್ನು ಒಳಗಿಟ್ಟಿದ್ದರು. ಮಾಳಿಗೆಯ ಮೇಲೆ ಮಲ್ಲಪ್ಪನವರು ಆ ಕುರ್ಚಿಯಲ್ಲಿ ಕೂತು, ತಲೆಗೆ ಟವೆಲು ಸುತ್ತಿಕೊಂಡು, ಎರಡೂ ಕೈಯಿಂದ ಛತ್ರಿಯ ಕಂಬ ಹಿಡಿದಿದ್ದರು. ಬೋಲ್ಟು ಬಿಗಿಯಾಗಿವೆ ಎಂದು ಕೂಗಬೇಕೆಂದು ಕಿಟಕಿಯ ಗಾಜು ಸರಿಸಿದೆ. ನನ್ನ ಮಾತಿಗೆ ಅವರು ಕೈ ಬಿಡುವುದಿಲ್ಲವೆಂದು ತಿಳಿದು ಗಾಜನ್ನು ಮತ್ತೆ ಮುಚ್ಚಿದೆ. ಬಸ್ಸು ತಿರುವು ದಾಟುವವರೆಗೂ ಅವರು ಹಾಗೆಯೇ ಕೂತಿದ್ದರು.